ಮೊದಲ ಕಾಯಿ ಯಾರ ಜಗಲಿಗೆ

ಚೀಟಿ ಎತ್ತಿದ್ದು ಮುಳ್ಳುಕೆರೆ ಶಾಲೆಯ ಮುಂದಿನ ಹಲಸಿನ ಕಟ್ಟೆಯ ಮೇಲೆ. ಹೆಂಗಸರು ಹಿಂದೆ ನಿಲ್ಲಬೇಕೆಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯ ಆ ಊರಿಗೆ ಯಾವತ್ತೂ ಬಿದ್ದಿರಲಿಲ್ಲ. ಅವರು ತಾವಾಗಿಯೇ ಹಿಂದೆ ನಿಂತಿದ್ದರು. ಜಟ್ಟಿಂಗಪ್ಪನ ಹೆಸರು ಕೂಗಿದಾಗ ಅವನು ಎದ್ದ. ಎದ್ದವನು ಚೀಟಿಯ ಡಬ್ಬಿಯ ಕಡೆ ನೋಡುವ ಬದಲು ಒಡೆಯರ ಮುಖ ನೋಡಿದ. ಒಡೆಯರು ಎಲೆ ಅಡಿಕೆ ಜಗಿಯುತ್ತಿದ್ದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಜಟ್ಟಿಂಗಪ್ಪ ನಿಂತೇ ಇದ್ದ. ಕೊನೆಗೆ ಅವನ ಹೆಂಡತಿ ಕನ್ನಮ್ಮ ಹಿಂದಿನಿಂದ ಬಂದು, ಗಂಡಸರ ನಡುವೆ ಭುಜ ತೂರಿಸಿ, ಡಬ್ಬಿಗೆ ಕೈ ಹಾಕಿದಳು.

“ಐದು,” ಎಂದು ಓದಿದ ಗ್ರಾಮಸೇವಕ ಗಣೇಶಮೂರ್ತಿ. “ನಡುವಿನ ತುಂಡು.”

ಪಕ್ಕದ ಮನೆಯ ಮಾಸ್ತಪ್ಪ ನಕ್ಕುಬಿಟ್ಟ. “ಅದೃಷ್ಟ ಅಂದ್ರೆ ನಿಂದು ಮಾರಾಯ್ತಿ. ನಿಂಗೆ ಬೇಲಿನೇ ಬೇಡ. ಸುತ್ತ ನಾವೇ ಬೇಲಿ!”

ಅದು ಅಕ್ಕಿಗೆ ಪಡಿಚೀಟಿ ಬಂದ ವರ್ಷ. ಸಾಗರದಿಂದ ಸರ್ಕಾರದ ಜೀಪು ಬಂದು, ಅಂಗೈಯಗಲ ನೆಲವನ್ನೂ ಬೀಳು ಬಿಡಬೇಡಿ ಎಂದು ಊರೂರಿನಲ್ಲಿ ಕೂಗಿ ಹೋಗಿತ್ತು. ಅಂಗೈಯಗಲ ನೆಲವೂ ಇಲ್ಲದವರಿಗೆ ಅದನ್ನು ಕೂಗಿ ಹೇಳಿದ್ದು ಯಾಕೆಂದು ಯಾರೂ ಕೇಳಲಿಲ್ಲ. ಗಣೇಶಮೂರ್ತಿ ತೀರ್ಥಹಳ್ಳಿ ಕಡೆಯ ಹುಡುಗ, ಕೆಲಸಕ್ಕೆ ಹೊಸಬ. ಜೀಪು ಕೂಗಿದ್ದನ್ನು ಅವನು ನಿಜವೆಂದೇ ತಿಳಿದ. ಇಕ್ಕೇರಿ ರಸ್ತೆಯ ಕೆಳಗೆ ಊರಿನ ಕೆರೆ ಅರ್ಧ ಹೂಳು ತುಂಬಿ ಬಿದ್ದಿತ್ತು. ದೀಪಾವಳಿ ದಾಟಿದರೆ ಕೆರೆಯಂಗಳ ಒಣಗುತ್ತದೆ, ಮಳೆಗಾಲದವರೆಗೆ ಅಲ್ಲಿ ದನ ಮೇಯುತ್ತವೆ. ಕೆರೆ ಒಡೆಯರದಲ್ಲ, ಪಂಚಾಯ್ತಿಯದು. ಅದನ್ನು ಮೂರು ಸಾಲಿನಲ್ಲಿ ಒಂಬತ್ತು ತುಂಡು ಮಾಡಿ, ನೆಲವಿಲ್ಲದ ಒಂಬತ್ತು ಮನೆಗೆ ತರಕಾರಿ ಬೆಳೆಯಲು ಕೊಡುವುದು. ಪಂಚಾಯ್ತಿಗೆ ಬಾಡಿಗೆ ಕಟ್ಟಬೇಕು, ತಾವೇ ಅಗೆಯಬೇಕು. ಚೆನ್ನಾಗಿ ನೋಡಿಕೊಂಡವರಿಗೆ ಬರುವ ವರ್ಷವೂ ಅದೇ ತುಂಡು. ಅವನ ಯೋಜನೆ ಇಷ್ಟೇ. ತಾಲ್ಲೂಕು ಕಚೇರಿಗೆ ಏನಾದರೊಂದು ತೋರಿಸಬೇಕಾಗಿದ್ದರಿಂದ ಪಂಚಾಯ್ತಿಯವರೂ ತಲೆಯಾಡಿಸಿದರು.

ಒಂಬತ್ತು ಮನೆಯವರೂ ಸೀತಾರಾಮಪ್ಪ ಒಡೆಯರ ಒಕ್ಕಲುಗಳು. ಗೇಣಿಗೆ ಮಾಡುವ ಗದ್ದೆ ಒಡೆಯರದು. ಗುಡಿಸಲು ನಿಂತ ಜಾಗ ಒಡೆಯರದು. ಪಂಚಾಯ್ತಿಯ ಚೇರ್ಮನ್ನರು ಒಡೆಯರ ಷಡ್ಡಕ. ಪಂಚಾಯ್ತಿ ಸಭೆ ಸೇರುವುದು ಒಡೆಯರ ಜಗಲಿಯಲ್ಲಿ, ಯಾಕೆಂದರೆ ಪಂಚಾಯ್ತಿ ಕಟ್ಟಡದ ಮಾಡು ಸೋರುತ್ತದೆ. ಬೇಸಿಗೆಯಲ್ಲೂ ಸೋರುತ್ತದೆ.

ಚೀಟಿ ಎತ್ತಿ ಮುಗಿದ ಮೇಲೆ ಒಡೆಯರೇ ಎದ್ದು ತೆಂಗಿನಕಾಯಿ ಒಡೆದರು. ಅವರದು ಮೆಲುದನಿ. ಯಾರನ್ನೂ ಗದರಿದವರಲ್ಲ, ಕೈ ಎತ್ತಿದವರಲ್ಲ. “ಒಳ್ಳೇದಾಗ್ಲಿ. ಬೆಳೀರಿ,” ಅಂದರು. “ಬೆಳೆದಿದ್ದು ಎಲ್ಲಿ ಹೋಗ್ತದೆ?”

ಎಲ್ಲರೂ ನಕ್ಕರು. ಕನ್ನಮ್ಮನೂ ನಕ್ಕಳು. ಮನೆ ದಾರಿಯ ಅರ್ಧಕ್ಕೆ ಬಂದಾಗ ತಾನು ಯಾಕೆ ನಕ್ಕೆ ಎಂದು ಅವಳಿಗೆ ತಿಳಿಯಲಿಲ್ಲ.

ಅವಳಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಹಿಂದಿನ ವರ್ಷ ಗುಡಿಸಲ ಹಿಂದೆ ಬದನೆ ನೆಟ್ಟಿದ್ದಳು. ಗಿಡ ಕಾಯಿ ಕಚ್ಚಿ ಬಾಗಿದ ಹೊತ್ತಿಗೆ ಒಡೆಯರ ಮನೆಯ ಆಳು ಬುಟ್ಟಿ ಹಿಡಿದು ಬಂದ, ಅವಳ ಎದುರೇ ಕೊಯ್ದ. “ಅಮ್ಮ ಹೇಳಿದಾರೆ, ಮನೇಲಿ ನೆಂಟರು ಬಂದಾರೆ” ಅಂದ. ಕದ್ದುಕೊಂಡು ಹೋಗಿದ್ದರೆ ಬೈಯಬಹುದಿತ್ತು. ಇದಕ್ಕೆ ಬೈಗುಳವೇ ಇರಲಿಲ್ಲ. ಅತ್ತೆ ದುರ್ಗಮ್ಮ ಎರಡು ಕಾಯಿ ಹೆಚ್ಚಿಗೆ ಕಿತ್ತು ಬುಟ್ಟಿಗೆ ಹಾಕಿ, “ಚೂರು ಎಳಸಿದಾವೆ, ಅಮ್ಮಂಗೆ ಹೇಳಪ್ಪ” ಅಂದಿದ್ದಳು. ಅವತ್ತಿನಿಂದ ಕನ್ನಮ್ಮನ ತಲೆಯಲ್ಲಿ ಒಂದೇ ಹುಳ: ತಾನು ನೆಟ್ಟದ್ದನ್ನು ತಾನು ಕೊಯ್ಯುವಷ್ಟು ನೆಲ. ಕೊಯ್ದದ್ದನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ತಾನೇ ಹೇಳುವಷ್ಟು ನೆಲ.

ಹಾಗಾಗಿ ಆ ತುಂಡಿಗೆ ಕಾಲಿಟ್ಟ ದಿನವೇ ಗಂಡನಿಗೆ ಹೇಳಿದಳು. “ನೋಡಿ, ಒಡೇರ ಮನೆಯ ಒಂದು ಹುಲ್ಲುಕಡ್ಡಿನೂ ಇಲ್ಲಿ ಬೀಳಬಾರ್ದು.”

“ಯಾಕೆ? ಅವರೇನು ಬೇಡ ಅಂದ್ರಾ?” ಎಂದ ಜಟ್ಟಿಂಗಪ್ಪ.

“ಅಂದಿಲ್ಲ. ಅದಕ್ಕೇ.”

ಜಟ್ಟಿಂಗಪ್ಪ ಹುಳಿಯಾದ ಮಜ್ಜಿಗೆ ಕುಡಿದವನ ಹಾಗೆ ಮುಖ ಮಾಡಿದ. ಅವನ ಗುದ್ದಲಿ ಒಡೆಯರ ಕೊಟ್ಟಿಗೆಯಿಂದ ಬಂದದ್ದು. ಕನ್ನಮ್ಮ ಒಂದು ಹುಂಜವನ್ನು ಆಚಾರಿಗೆ ಕೊಟ್ಟು ಬೇರೆ ಗುದ್ದಲಿ ಮಾಡಿಸಿದಳು. ಇನ್ನೊಂದು ಹುಂಜ ಮಾರಿ ಪಂಚಾಯ್ತಿಯ ಬಾಡಿಗೆ ಕಟ್ಟಿದಳು. ಬೀಜಕ್ಕೆ ಎಲ್ಲರೂ ಒಡೆಯರ ಮನೆಗೆ ಹೋದರೆ ಅವಳು ಹೊಸನಗರದ ಕಡೆಯ ತನ್ನ ತವರಿಗೆ ನಡೆದಳು. ಅಣ್ಣನ ಮನೆಯ ಗೋಡೆಗೆ ಬೂದಿ ಬೆರೆಸಿ ತಟ್ಟಿಟ್ಟಿದ್ದ ಸೌತೆಬೀಜದ ಬಿಲ್ಲೆಯನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಗೊಬ್ಬರಕ್ಕೆ ಸೊಪ್ಪು ಬೇಕಲ್ಲ, ಸೊಪ್ಪಿನ ಬೆಟ್ಟವೂ ಒಡೆಯರದೇ. ಉಳಿದ ಎಂಟು ಮನೆಯವರು ಕೇಳಿಕೊಂಡು ಅಲ್ಲಿಂದಲೇ ಸೊಪ್ಪು ಹೊತ್ತರು. ಕನ್ನಮ್ಮ ಕೆರೆಯ ಜೊಂಡು ಕೊಯ್ದು ಕೊಳೆಹಾಕಿದಳು, ರಸ್ತೆ ಬದಿಯ ತರಗು ಗುಡಿಸಿದಳು, ಒಲೆಯ ಬೂದಿಯನ್ನು ಚಿನ್ನದ ಪುಡಿಯ ಹಾಗೆ ಕೂಡಿಟ್ಟಳು.

ದುರ್ಗಮ್ಮ ಕೆರೆ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. “ಒಡೇರ ಸೊಪ್ಪು ಬೇಡ, ಒಡೇರ ಗುದ್ದಲಿ ಬೇಡ. ಒಡೇರ ತೋಟದ ಗಾಳಿ ಮೂಗಿಗೆ ಬರ್ತದಲೇ ಹೆಣ್ಣೇ, ಅದಕ್ಕೆಂತ ಮಾಡ್ತಿ?”

“ಬಾಯಲ್ಲಿ ಉಸಿರಾಡ್ತೀನಿ ಅತ್ತೆ.”

“ಹಾಂ, ಆ ಬಾಯಿ ಒಂದು ಗಟ್ಟಿ ಉಂಟು ನಿಂಗೆ.”

ಕೆರೆಯ ಹೂಳು ಒಣಗಿದರೆ ಹಂಚಿನ ಹಾಗೆ. ಗುದ್ದಲಿ ಬಿದ್ದಲ್ಲಿ ಟಣ್ ಅನ್ನುತ್ತಿತ್ತು. ಬೆಳಿಗ್ಗೆ ಒಡೆಯರ ಮನೆಯ ಅಂಗಳ ಸಾರಿಸಿ, ಕೊಟ್ಟಿಗೆ ಬಾಚಿ, ಬಿಸಿಲೇರಿದ ಮೇಲೆ ಇಲ್ಲಿ ಬಂದು ಅಗೆಯುತ್ತಿದ್ದಳು. ತುಂಡಿನ ಮೂಲೆಯಲ್ಲಿ ಅವಳೇ ತೋಡಿದ ಗುಂಡಿಯಲ್ಲಿ ಮೊದಲು ಕೆಸರು ಬಂತು, ಆಮೇಲೆ ನೀರು. ಆ ನೀರಿನಲ್ಲಿ ಮುಖ ನೋಡಿಕೊಂಡು, “ಇದು ನಂದು” ಎಂದು ಒಂದು ಸಲ ಬಾಯಿಬಿಟ್ಟು ಅಂದಳು. ಅಂದು, ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿದಳು.

ಅವಳ ತುಂಡಿಗೆ ಹೋಗಲು ಮಾಸ್ತಪ್ಪನ ತುಂಡನ್ನು ದಾಟಬೇಕು. ಹೊರಗಿನ ಮುಳ್ಳುಬೇಲಿಗೆ ಇರುವ ದಣಪೆ ಒಂದೇ, ಅದು ಮಾಸ್ತಪ್ಪನ ಪಾಲಿನಲ್ಲಿ. ಅಡ್ಡ ಸರಿಸುವ ಬಿದಿರ ಗಳುಗಳು. ಮಾಸ್ತಪ್ಪ ತನ್ನ ಬದುವಿನ ಮೇಲೆ ಅವಳಿಗೆಂದೇ ದಾರಿ ಬಿಟ್ಟಿದ್ದ. “ದಾರಿಗೆ ಸುಂಕ ಅಂತ ದಿನಾ ಒಂದು ಕವಳ ಕೊಡ್ಬೇಕು” ಎಂದು ಕೈಯೊಡ್ಡುತ್ತಿದ್ದ. ಇವಳು ಒಂದು ಎಲೆ, ಒಂದು ಹೋಳು ಅಡಿಕೆ ಕೊಡುತ್ತಿದ್ದಳು. “ಸುಣ್ಣ?” “ಸುಣ್ಣ ನಿನ್ನ ಹೆಂಡ್ತಿ ಹಚ್ತಾಳೆ ತಗೋ.” ಹೀಗೆ ನಗುವುದು ಆ ಕೆರೆಯಂಗಳದಲ್ಲಿ ಮಾತ್ರ ಸಾಧ್ಯವಾಗಿತ್ತು. ಏರಿ ಹತ್ತಿ ಊರ ಕಡೆ ತಿರುಗಿದರೆ ಎಲ್ಲರ ಬೆನ್ನೂ ತಾನಾಗಿ ಬಗ್ಗುತ್ತಿತ್ತು.

ಬಳ್ಳಿ ಹಬ್ಬಿತು. ಹಳದಿ ಹೂ ಬಿಟ್ಟಿತು. ಒಂದು ಬೆಳಿಗ್ಗೆ ಹೂವಿನ ಬುಡದಲ್ಲಿ ಕಿರುಬೆರಳ ತುದಿಯಷ್ಟು ಮಿಡಿ. ಕನ್ನಮ್ಮ ಅದರ ಅಡಿಗೊಂದು ಚಪ್ಪಟೆ ಕಲ್ಲು ಕೊಟ್ಟಳು, ಮೇಲೆ ಎಲೆ ಮಗುಚಿದಳು. ದಿನಾ ಎಲೆ ಸರಿಸಿ ನೋಡಿ ಮತ್ತೆ ಮುಚ್ಚುತ್ತಿದ್ದಳು. ಇದು ಮೊದಲನೆಯದು. ಇದನ್ನು ಏನು ಮಾಡಬೇಕೆಂದು ಅವಳು ಯೋಚಿಸಲೇ ಇಲ್ಲ. ಗುದ್ದಲಿಯಿಂದ ಹಿಡಿದು ಬೀಜದವರೆಗೆ ಒಂದೊಂದನ್ನೂ ಯೋಚಿಸಿದವಳು ಇದೊಂದನ್ನು ಯೋಚಿಸಲಿಲ್ಲ.

ಕಾಯಿ ಬಲಿತ ಹೊತ್ತಿಗೆ ಅವಳು ಬಳ್ಳಿಯ ಸಾಲಿನ ನಡುವೆ ಬೆಳೆದಿದ್ದ ಹರಿವೆ ಸೊಪ್ಪಿನ ಹೊರೆ ಹೊತ್ತು ಸಾಗರದ ಸಂತೆಗೆ ಹೋದಳು. ಸೊಪ್ಪೆಲ್ಲ ಖರ್ಚಾಯಿತು. ಉಪ್ಪು, ಒಣಮೀನು, ಅತ್ತೆಗೆ ಹೊಗೆಸೊಪ್ಪು ತಗೊಂಡು ಸಂಜೆ ನೇರ ಕೆರೆಯಂಗಳಕ್ಕೇ ಇಳಿದಳು. ಎಲೆ ಸರಿಸಿದಳು. ಕಲ್ಲಿತ್ತು. ಕಾಯಿ ಇರಲಿಲ್ಲ.

ಮಂಗ ಆಗಿದ್ದರೆ ಬಳ್ಳಿ ಎಳೆದಾಡಿರುತ್ತಿತ್ತು. ಮುಳ್ಳುಹಂದಿ ಆಗಿದ್ದರೆ ಸಿಪ್ಪೆ ಚೆಲ್ಲಿರುತ್ತಿತ್ತು. ತೊಟ್ಟು ಕತ್ತಿಯಿಂದ ನೀಟಾಗಿ ಕೊಯ್ದಿತ್ತು. ಕನ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರುಹಚ್ಚಿಕೊಂಡಳು. “ಯಾವ ಹಾಳಾದವನೋ, ಅವನ ಕೈ ಕೊಳೆತು ಬೀಳ! ಅವನ ಮನೆ ಒಲೇಲಿ ಬೆಕ್ಕು ಮಲಗ! ಅವನ ಹೊಟ್ಟೇಲಿ ಬೀಜ ಮೊಳೆತು ಕಿವೀಲಿ ಬಳ್ಳಿ ಬರ!”

ಮಾಸ್ತಪ್ಪ ಓಡಿಬಂದ. “ಬೈಬೇಡ ಮಾರಾಯ್ತಿ, ನಿಂಗೇ ತಗಲ್ತದೆ. ಕೊಯ್ದದ್ದು ನಿನ್ನ ಗಂಡನೇ.”

“ಅವರಾ? ಮನೆಗೆ ತಗೊಂಡು ಹೋದ್ರಾ?”

ಮಾಸ್ತಪ್ಪ ಗಲ್ಲವನ್ನು ಏರಿಯಾಚೆ, ಹೆಂಚಿನ ದೊಡ್ಡ ಮನೆಯ ಕಡೆ ಎತ್ತಿದ. “ನಾವೆಲ್ಲ ಮೊನ್ನೆನೇ ಕೊಟ್ಟಾಯ್ತು. ನಂದು ಹೀರೇಕಾಯಿ. ಭೂತಪ್ಪಂದು ಕುಂಬಳ. ಎಲ್ರೂ ಕೊಟ್ಟು ನೀವೊಬ್ರು ಕೊಡದಿದ್ರೆ ಚಂದ ಕಾಣ್ತದನಾ? ಜಟ್ಟಿಂಗಪ್ಪ ಎರಡು ದಿನದಿಂದ ನಿದ್ದೆ ಮಾಡಿಲ್ಲ ಪಾಪ.”

ಕನ್ನಮ್ಮ ಮನೆಗೆ ಹೋದಾಗ ಜಟ್ಟಿಂಗಪ್ಪ ಹಗ್ಗ ಹೊಸೆಯುತ್ತ ಕೂತಿದ್ದ. ತಲೆ ಎತ್ತಲಿಲ್ಲ.

“ಹೇಳಿ,” ಅಂದಳು.

“ಎಂತ ಹೇಳದು? ಮೊದಲ ಕಾಯಿ ಅಲ್ಲನಾ? ಕೈ ತಾನೇ ಹೋಯ್ತು. ಕೊಯ್ದೆ, ಬಾಳೆ ಎಲೇಲಿ ಸುತ್ತಿದೆ, ಮೇಲೊಂದು ಕವಳ ಇಟ್ಟೆ, ಹೋದೆ. ಅಪ್ಪ ಹಂಗೇ ಹೋಗ್ತಿದ್ದ. ದಾರೀಲಿ ಅರ್ಧಕ್ಕೆ ಹೋದ್ಮೇಲೆ ನೆನಪಾಯ್ತು, ಇದು ಪಂಚಾಯ್ತಿ ನೆಲ ಅಂತ.”

“ನೆನಪಾದ್ಮೇಲೆ?”

“ಅರ್ಧಕ್ಕೆ ಹೋಗಾಗಿತ್ತಲ.”

ಒಲೆಯ ಮುಂದಿನಿಂದ ದುರ್ಗಮ್ಮ ಅಂದಳು, “ಅವನನ್ನ ಕೆದಕಬೇಡ. ನಾನೇ ಕತ್ತಿ ಕೊಟ್ಟು ಕಳಿಸಿದ್ದು. ಮೊದಲ ಕಾಯಿ ನಾವು ತಿಂದ್ರೆ ಗಂಟಲಲ್ಲಿ ಇಳೀತದಾ? ನಮ್ಮ ಕುಲದಲ್ಲಿ ಯಾರು ತಿಂದಿದಾರೆ? ನೀನು ತಿಂದಿದೀಯಾ?”

ಕನ್ನಮ್ಮ ಹೊಗೆಸೊಪ್ಪಿನ ಪೊಟ್ಟಣವನ್ನು ಅತ್ತೆಯ ಮುಂದಿಟ್ಟಳು. ತಿಂದಿರಲಿಲ್ಲ. ತವರಿನಲ್ಲೂ ಇಲ್ಲ, ಇಲ್ಲೂ ಇಲ್ಲ. ಮೊದಲ ಕಾಯಿಯ ರುಚಿ ಹೇಗಿರುತ್ತದೆಂದು ಅವಳ ನಾಲಿಗೆಗೆ ಗೊತ್ತಿರಲಿಲ್ಲ. ಎಲೆ ಮಗುಚಿ ಮಗುಚಿ ಕಾಪಾಡುವಾಗಲೂ ಅದನ್ನು ತಾನು ತಿನ್ನುತ್ತೇನೆ ಎಂದು ಒಂದು ಸಲವೂ ಅನ್ನಿಸಿರಲಿಲ್ಲ. ಒಡೆಯರ ಮನೆಯಿಂದ ಬರುವ ದಾರಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದ್ದಳು. ಒಡೆಯರ ಮನೆಗೆ ಹೋಗುವ ದಾರಿ ತನ್ನ ಹೊಟ್ಟೆಯಲ್ಲೇ ತೆರೆದು ಬಿದ್ದಿತ್ತು.

ಒಂದು ಸೌತೆಕಾಯಿ ತಾನೆ, ಹೋಗಲಿ ಎನ್ನಬಹುದಿತ್ತು. ಮರುದಿನ ಗಣೇಶಮೂರ್ತಿ ಸೈಕಲ್ ತಳ್ಳಿಕೊಂಡು ಬರದಿದ್ದರೆ ಅವಳೂ ಹಾಗೇ ಅನ್ನುತ್ತಿದ್ದಳೋ ಏನೋ. ಅವನ ಮುಖ ಬಿಳಿಚಿಕೊಂಡಿತ್ತು.

“ಕನ್ನಮ್ಮ, ನೀವೆಲ್ಲ ಎಂತ ಮಾಡ್ಕೊಂಡ್ರಿ? ಒಡೆಯರ ಜಗಲಿಗೆ ಕಾಯಿ ಕೊಟ್ರಂತೆ?”

“ಕೊಟ್ಟಾಯ್ತು ಸಾರ್. ಏನೀಗ?”

“ಏನೀಗ ಅಂದ್ರೆ? ನಾನು ನಿನ್ನೆ ಸಭೆಗೆ ಹೋದೆ. ಒಡೆಯರು ಮೇಲೆ ನೋಡಿ ಅಂದ್ರು. ತೊಲೆಗೆ ಸಾಲಾಗಿ ತೂಗುಹಾಕಿದಾರೆ, ಒಂಬತ್ತೂ. ಚೇರ್ಮನ್ನರು ನನ್ನನ್ನ ಕೇಳ್ತಾರೆ, ಏನ್ರೀ, ಈ ಕಡೆ ಮೊದಲ ಕಾಯಿ ಯಾರ ಜಗಲಿಗೆ ಹೋಗ್ತದೋ ನೆಲ ಅವರದು ಅಂತ ಗೊತ್ತಿಲ್ವಾ, ಒಕ್ಕಲುಗಳೇ ಒಪ್ಪಿ ತಂದುಕೊಟ್ಟಿದಾರೆ ಅಂತ. ಕೆರೆಯಂಗಳ ಹಿಂದಿನಿಂದ್ಲೂ ಒಡೆಯರ ಅನುಭವದಲ್ಲೇ ಇತ್ತಂತೆ. ಬರೋ ವರ್ಷದಿಂದ ಒಂಬತ್ತು ತುಂಡಿನ ಬಾಡಿಗೇನೂ ಒಡೆಯರೇ ಕಟ್ತಾರಂತೆ. ನೀವು ಅವರ ಕೈಕೆಳಗೆ ಮಾಡ್ಬೇಕಂತೆ. ಅರ್ಧ ಅವರಿಗೆ. ನಾಡಿದ್ದಿನ ಸಭೇಲಿ ಠರಾವು.”

ಹೀಗೆ. ಕೋಲು ಎತ್ತಲಿಲ್ಲ, ಪೊಲೀಸರನ್ನು ಕರೆಸಲಿಲ್ಲ. ಕಾಗೋಡಿನಲ್ಲಿ ಒಕ್ಕಲುಗಳು ಎದ್ದು ನಿಂತ ಮೇಲೆ ಈ ಕಡೆಯ ಒಡೆಯರು ಒಂದು ಪಾಠ ಕಲಿತಿದ್ದರು: ಕಿತ್ತುಕೊಂಡರೆ ಗಲಾಟೆ ಆಗುತ್ತದೆ, ಕಾದರೆ ಅವರೇ ತಂದುಕೊಡುತ್ತಾರೆ. ತಲೆತಲಾಂತರದಿಂದ ಬೆನ್ನು ಬಗ್ಗಿಸಿದ್ದರ ಬಡ್ಡಿ ಅದು. ಇನ್ನು ಯಾರೂ ಬಗ್ಗಿಸಬೇಕಾಗಿಲ್ಲ.

“ನೆಲ ಅವರ್ದಲ್ಲ, ಅಭ್ಯಾಸಕ್ಕೆ ಕೊಟ್ವಿ ಅಂತ ಹೇಳಿದ್ರೆ?” ಎಂದಳು ಕನ್ನಮ್ಮ.

“ಯಾರು ಹೇಳ್ತಾರೆ? ಮಾಸ್ತಪ್ಪನ್ನ ಕೇಳ್ದೆ. ನಂಗೇನೂ ಗೊತ್ತಿಲ್ಲ ಸಾಮಿ ಅಂತ ಕೊಟ್ಟಿಗೆ ಒಳಗೆ ಹೋಗಿಬಿಟ್ಟ. ಬಾಯಲ್ಲಿ ಹೇಳಿದ್ರೂ ಆಗಲ್ಲ. ಕಾಯಿ ಅಲ್ಲಿ ತೂಗ್ತಿರೋವರೆಗೆ...” ಅವನು ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಒತ್ತಿದ. “ನನ್ನ ಕೈ ಕಟ್ಟಿದೆ ಕಣಮ್ಮ.”

“ನಿಮ್ಮ ಕೈಯಾದ್ರೂ ಕಟ್ಟಿದೆ ಸಾರ್. ನಮ್ದು ಬಿಚ್ಚೇ ಇದೆ. ಬಿಚ್ಚಿದ ಕೈಯೇ ಕೊಯ್ದು ಕೊಟ್ಟು ಬಂತು.”

ಆ ಎರಡು ದಿನ ಜಟ್ಟಿಂಗಪ್ಪ ಹೆಂಡತಿಯ ಹಿಂದೆ ಹಿಂದೆಯೇ ತಿರುಗಿದ. ಅವಳು ನೀರಿಗೆ ಹೋದರೆ ಬಾವಿಯ ತನಕ, ಕಟ್ಟಿಗೆಗೆ ಹೋದರೆ ಕಾಡಂಚಿನ ತನಕ. ಅವಳ ತಲೆಯಲ್ಲಿ ಏನು ಕುದಿಯುತ್ತಿದೆಯೆಂದು ಅವನಿಗೆ ಗೊತ್ತಾಗಿತ್ತು. “ಕನ್ನಿ, ಗುಡಿಸಲಿರೋ ಜಾಗ ಅವರ್ದು,” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಗದ್ದೆನೂ ಅವರ್ದು,” ಅಂದ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, “ಕೊಟ್ಟಿದ್ದನ್ನ ವಾಪಸ್ ಕೇಳಿದವರು ಈ ಊರಲ್ಲಿ ಯಾರೂ ಇಲ್ಲ ಮಾರಾಯ್ತಿ,” ಅಂದ.

“ಕೇಳಿದವರು ಇಲ್ಲ ಅಂತ್ಲೇ ಕೊಡೋದು ಅಭ್ಯಾಸ ಆಗಿದ್ದು.”

ಸಭೆಯ ದಿನ ಕನ್ನಮ್ಮ ಒಡೆಯರ ಅಂಗಳಕ್ಕೆ ಹೋದಳು. ದಿನಾ ಬೆಳಗ್ಗೆ ಅವಳೇ ಸಾರಿಸುವ ಅಂಗಳ ಅದು. ಪ್ರತಿ ತಗ್ಗು ಅವಳ ಅಂಗೈಗೆ ಗೊತ್ತು. ಆದರೆ ಜಗಲಿಗೆ ಅವಳು ಹತ್ತಿರಲಿಲ್ಲ. ಅವರಲ್ಲಿ ಯಾರೂ ಹತ್ತಿರಲಿಲ್ಲ. ಜಟ್ಟಿಂಗಪ್ಪ ಕಾಯಿ ಕೊಟ್ಟದ್ದೂ ಅಂಗಳದಲ್ಲೇ ನಿಂತು, ಮೆಟ್ಟಿಲ ಮೇಲಿಟ್ಟು. ಜಗಲಿಯ ಮೇಲೆ ಚೇರ್ಮನ್ನರು, ಮೂರು ಜನ ಮೆಂಬರುಗಳು, ಒಂದು ತುದಿಯಲ್ಲಿ ತಲೆ ಬಗ್ಗಿಸಿಕೊಂಡ ಗಣೇಶಮೂರ್ತಿ. ಅಂಗಳದ ಅಂಚಿನಲ್ಲಿ ಹೆಬ್ಬೆಟ್ಟು ಒತ್ತಲು ಕರೆಸಿದ್ದ ಒಕ್ಕಲುಗಳು. ಮೇಲೆ, ತೊಲೆಗೆ ಬಾಳೆನಾರಿನಿಂದ ಕಟ್ಟಿದ ಕಾಯಿಗಳು. ಗಾಳಿಗೆ ಮೆಲ್ಲಗೆ ತಿರುಗುತ್ತಿದ್ದವು. ತನ್ನದು ಯಾವುದೆಂದು ಕನ್ನಮ್ಮನಿಗೆ ಕಣ್ಣು ಹಾಯಿಸಿದ ಕೂಡಲೇ ಗೊತ್ತಾಯಿತು. ಒಂದು ಬದಿ ಚಪ್ಪಟೆ, ಅವಳೇ ಕೊಟ್ಟ ಕಲ್ಲಿನ ಅಚ್ಚು.

“ಏನೇ ಕನ್ನಿ?” ಎಂದರು ಸೀತಾರಾಮಪ್ಪ ಒಡೆಯರು, ಪ್ರೀತಿಯಿಂದಲೇ.

“ನಮ್ಮ ಕಾಯಿ ವಾಪಸ್ ಬೇಕು ಒಡೇರೇ.”

ಚೇರ್ಮನ್ನರು ಜಗಿಯುವುದನ್ನು ನಿಲ್ಲಿಸಿದರು. ಒಡೆಯರು ಮಾತ್ರ ನಕ್ಕರು. “ಯಾಕೆ? ಮನೇಲಿ ಪಲ್ಯಕ್ಕಿಲ್ವಾ? ಒಳಗೆ ಅಮ್ಮನ್ನ ಕೇಳು, ಬೇರೆ ಏನಾದ್ರೂ ಕೊಡ್ತಾಳೆ.”

“ಬೇರೆ ಬೇಡ. ಅದೇ. ನಮ್ಮೋರು ಅಭ್ಯಾಸದ ಮೇಲೆ ತಂದಿಟ್ರು. ಅದು ನಿಮ್ಮ ನೆಲದ್ದಲ್ಲ, ಪಂಚಾಯ್ತಿದು. ಬಾಡಿಗೆ ಕಟ್ಟಿದೀನಿ.”

“ಕೊಟ್ಟಿದ್ದನ್ನ ನಾನು ಕೈಯಾರೆ ಬಿಚ್ಚಿ ಕೊಡೋ ಪದ್ಧತಿ ಈ ಮನೇಲಿಲ್ಲ,” ಎಂದರು ಒಡೆಯರು, ಮಗುವಿಗೆ ಹೇಳುವ ಹಾಗೆ. “ಆಳುಗಳಿಗೂ ಹೇಳಲ್ಲ. ನಿಂಗೆ ಬೇಕಾದ್ರೆ ಹತ್ತು. ಬಿಚ್ಕೊಂಡು ಹೋಗು. ಯಾರು ತಡೀತಾರೆ?”

ಯಾರೂ ತಡೆಯಲಿಲ್ಲ. ಕನ್ನಮ್ಮ ಮೆಟ್ಟಿಲ ಬಳಿ ಬಂದು ನಿಂತಳು. ಕಾಲು ಏಳಲಿಲ್ಲ. ಯಾರೋ ಹಿಡಿದುಕೊಂಡ ಹಾಗಲ್ಲ, ಹಿಡಿದುಕೊಂಡಿದ್ದರೆ ಕೊಡವಿಕೊಳ್ಳಬಹುದಿತ್ತು. ಕಾಲಿಗೆ ತಾನೆಲ್ಲಿ ನಿಲ್ಲಬೇಕೆಂದು ತಾನೇ ಗೊತ್ತಿತ್ತು. ಒಡೆಯರು ಅವಳ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಅದನ್ನು ಕಂಡಳು. ಕಂಡ ಮೇಲೆ, ಭಾರದ ಮರದ ದಿಮ್ಮಿ ಎತ್ತುವವಳ ಹಾಗೆ ಒಂದು ಕೈಯಿಂದ ತನ್ನ ಮೊಣಕಾಲನ್ನೇ ಹಿಡಿದೆತ್ತಿ ಮೆಟ್ಟಿಲ ಮೇಲಿಟ್ಟಳು. ಆಮೇಲೆ ಇನ್ನೊಂದು.

ಜಗಲಿ ತಣ್ಣಗಿತ್ತು, ನುಣ್ಣಗಿತ್ತು. ಮೆಂಬರುಗಳು ಚಾಪೆ ಎಳೆದುಕೊಂಡು ಹಿಂದೆ ಸರಿದರು. ಅವಳು ತುದಿಗಾಲಲ್ಲಿ ನಿಂತು ನಾರು ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿದಳು. ಕಾಯಿ ಕೈಗೆ ಬಂತು. ಪಕ್ಕದಲ್ಲಿ ಮಾಸ್ತಪ್ಪನ ಹೀರೇಕಾಯಿ, ಅದರಾಚೆ ಭೂತಪ್ಪನ ಕುಂಬಳ. ಅಂಗಳದ ಕಡೆ ತಿರುಗಿ ಕೇಳಿದಳು. “ಮಾಸ್ತಪ್ಪಣ್ಣ, ನಿಂದೂ ಬಿಚ್ಲಾ?”

ಮಾಸ್ತಪ್ಪ ಕಾಲ ಹೆಬ್ಬೆರಳಿಂದ ನೆಲ ಕೆರೆದ.

“ಭೂತಪ್ಪಣ್ಣ?”

ಭೂತಪ್ಪ ಆಕಾಶ ನೋಡಿದ. ಆಕಾಶದಲ್ಲಿ ಏನೂ ಇರಲಿಲ್ಲ.

ಅವರದ್ದನ್ನು ಅವರು ಹೇಳದೆ ಬಿಚ್ಚಿದರೆ ತಾನೂ ಆಳು ಕಳಿಸಿ ಬದನೆ ಕೊಯ್ಯಿಸಿದವರ ಹಾಗೇ ಆಗುತ್ತೇನೆ ಅನ್ನಿಸಿತು. ಕೆಳಗಿಳಿದಳು. ಅಂಗಳದ ನಡುವೆ ನಿಂತು ಸೌತೆಕಾಯನ್ನು ಸೆರಗಿಗೆ ಒರೆಸಿ ಕಚ್ಚಿದಳು. ಸದ್ದು ಜಗಲಿಯ ತನಕ ಕೇಳಿಸಿತು. ತೂಗಿ ತೂಗಿ ಹಳದಿಗೆ ತಿರುಗಿತ್ತು, ಚೂರು ಹುಳಿ. ಮೊದಲ ಕಾಯಿ ಬೇರೆ ಕಾಯಿಗಳ ಹಾಗೇ ಇತ್ತು. ಇಷ್ಟೇನಾ ಎಂದು ಅವಳ ಕಣ್ಣು ತುಂಬಿತು. ಉಳಿದ ಅರ್ಧವನ್ನು ಗಂಡನಿಗೆ ಚಾಚಿದಳು. ಜಟ್ಟಿಂಗಪ್ಪ ಎರಡೂ ಕೈಯೊಡ್ಡಿ ತೆಗೆದುಕೊಂಡ, ಪ್ರಸಾದದ ಹಾಗೆ. ತಿನ್ನಲಿಲ್ಲ. ಬಿಸಾಡಲೂ ಇಲ್ಲ. ಹಿಡಿದುಕೊಂಡೇ ನಿಂತ.

“ಆಯ್ತಲ್ಲ,” ಎಂದರು ಒಡೆಯರು. “ನ್ಯಾಯ ಅಂದ್ರೆ ನ್ಯಾಯ. ನಡುವಿನ ತುಂಡು ಕನ್ನಿದು. ಯಾರೂ ತಂಟೆಗೆ ಹೋಗಬೇಡಿ. ಬರಕೊಳ್ಳಿ ಚೇರ್ಮನ್ನರೇ, ಉಳಿದಿದ್ದು ಎಂಟು.”

ಅವಳು ಗೆದ್ದಳೆಂದು ಗಣೇಶಮೂರ್ತಿ ತಲೆ ಎತ್ತಿದ. ಅವನು ಇನ್ನೂ ಹೊಸಬ.

ಮರುದಿನ ಬೆಳಿಗ್ಗೆ ಅಂಗಳ ಸಾರಿಸಲು ಅವಳು ಹೋಗಲಿಲ್ಲ, ಬೇರೆಯವರು ಸಾರಿಸುತ್ತಿದ್ದರು. ಕೊಡ ಹಿಡಿದು ನೇರ ಕೆರೆಯಂಗಳಕ್ಕೆ ಬಂದಳು. ದಣಪೆಯ ಗಳುಗಳೆಲ್ಲ ಹಾಕಿದ್ದವು. ಒಳಗೆ ಮಾಸ್ತಪ್ಪ ನಿಂತಿದ್ದ.

“ಒಡೇರು 'ಬರೋ ವರ್ಷ ಎಂತಕ್ಕೆ, ಇವತ್ತಿಂದ್ಲೇ' ಅಂದಿದಾರೆ. ಸುತ್ತಿಂದೆಲ್ಲ ಈಗ ಅವರ್ದಂತೆ. ನಿನ್ನ ತುಂಡಿಗೆ ತಡೆ ಇಲ್ಲ. ನಮ್ಮದ್ರಲ್ಲಿ ಕಾಲಿಡಂಗಿಲ್ಲ, ಅಷ್ಟೇ.”

“ಮತ್ತೆ ಹಾರಿ ಹೋಗ್ಲಾ?”

“ಅದನ್ನ ಒಡೇರು ಹೇಳಿಲ್ಲ.”

“ಸುತ್ತ ನಾವೇ ಬೇಲಿ ಅಂದಿದ್ದೆಯಲ್ಲ ಅವತ್ತು.”

“ತಮಾಷೆಗೆ ಅಂದಿದ್ದು ಕನ್ನಮ್ಮ.”

ಕನ್ನಮ್ಮ ಕೊಡ ಕೆಳಗಿಟ್ಟು ಒಂದೊಂದೇ ಗಳು ಸರಿಸಿದಳು. ಮಾಸ್ತಪ್ಪ ತಡೆಯಲಿಲ್ಲ. ಅವಳು ಕೊಡ ಎತ್ತಿಕೊಂಡು ಒಳಗೆ ಕಾಲಿಟ್ಟೊಡನೆ ದೊಡ್ಡ ಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗಿದ. “ಏಯ್, ಬ್ಯಾಡ! ಒಳಗೆ ಬರಬ್ಯಾಡ ಅಂದೆ! ಕೇಳ್ತಿಲ್ವಾ?” ಕೂಗಿ, ದನಿ ತಗ್ಗಿಸಿ, ತುಟಿ ಆಡಿಸದೆ ಅಂದ: “ಬದುವಿನ ಮೇಲೇ ಹೋಗು. ಬಳ್ಳಿ ತುಳೀಬೇಡ.” ಮತ್ತೆ ಗಟ್ಟಿಯಾಗಿ, “ಹೇಳಿದ್ರೆ ಕೇಳದಿಲ್ಲ ಈ ಹೆಂಗಸು!”

ಅವಳು ನಡುವಿನ ತುಂಡಿಗೆ ತಲುಪಿದಾಗ ಹಿಂದೆ ಗಳುಗಳು ಒಂದೊಂದಾಗಿ ಮತ್ತೆ ತೂರುವ ಸದ್ದು ಕೇಳಿಸಿತು. ಹೊರಗೆ ಹೋಗಲು ಮತ್ತೆ ಇದೇ ಆಟ. ಸಂಜೆಗೆ ಇದೇ, ನಾಳೆಗೆ ಇದೇ. ಏರಿಯ ಮೇಲೆ ದುರ್ಗಮ್ಮ ಕೂತಿದ್ದಳು. ಅವಳ ಪಕ್ಕದಲ್ಲಿ ಗುಡಿಸಲಿನಿಂದ ತಂದಿಟ್ಟ ಒಂದು ಗಂಟು, ಒಂದು ಮಡಕೆ. ಗುಡಿಸಲು ಬಿಡಲು ಇನ್ನೂ ಯಾರೂ ಹೇಳಿರಲಿಲ್ಲ. ಹೇಳುವ ಮೊದಲೇ ಮುದುಕಿ ಕಟ್ಟಿಕೊಂಡು ಬಂದಿದ್ದಳು. ಕನ್ನಮ್ಮ ಅದನ್ನು ನೋಡಿ ಗುಂಡಿಯ ಕಡೆ ತಿರುಗಿದಳು.

ಗುಂಡಿಯಿಂದ ನೀರು ಮೊಗೆದು ಬಳ್ಳಿಯ ಬುಡಕ್ಕೆ ಹೊಯ್ದಳು. ಎಲೆಯಡಿಯಲ್ಲಿ ಎರಡನೇ ಕಾಯಿ ಬಲಿತಿತ್ತು. ಕೊಯ್ದಳು. ಎರಡು ಹೋಳು ಮಾಡಿ ಒಂದು ಹೋಳನ್ನು ಮಾಸ್ತಪ್ಪನ ಬದುವಿನ ಮೇಲಿಟ್ಟಳು. “ದಾರಿ ಸುಂಕ.”

ಮಾಸ್ತಪ್ಪ ಅದನ್ನು ನೋಡಿದ, ದೊಡ್ಡ ಮನೆಯನ್ನು ನೋಡಿದ. “ಇಲ್ಲೆಂತಕ್ಕೆ ಇಟ್ಟೆ ಇದನ್ನ? ತೆಗಿ!” ಎಂದು ಕೂಗಿದ. ಕೂಗುತ್ತಲೇ ಹೋಳನ್ನು ಅಂಗೈಯೊಳಗೆ ಮುಚ್ಚಿಕೊಂಡು ಹೀರೇಬಳ್ಳಿಯ ಚಪ್ಪರದ ಹಿಂದೆ ಕುಕ್ಕರಿಸಿದ. ಅವನ ತಲೆಯೂ ಕಾಣದಾಯಿತು.

ಕನ್ನಮ್ಮ ಗುಂಡಿಯ ಅಂಚಿನಲ್ಲಿ ಕೂತಳು. ಅವನ ಹಲ್ಲು ಕಾಯಿಗೆ ತಾಗುವ ಸದ್ದಿಗೆ ಕಿವಿಗೊಟ್ಟಳು. ಅವನು ತಿನ್ನುತ್ತಾನೋ, ಪಂಚೆಯ ಮಡಿಲಲ್ಲಿಟ್ಟು ಜಗಲಿಗೆ ಒಯ್ಯುತ್ತಾನೋ. ಬಿಸಿಲು ಏರುತ್ತಿತ್ತು. ಚಪ್ಪರದ ಹಿಂದೆ ಇನ್ನೂ ಸದ್ದಿರಲಿಲ್ಲ.